ನಿಲ್ಲುವ ಮುಂಚೆ ಐದು ಸುತ್ತು

ಗಾಡಿ ಓಡಿಸುವುದು ದೊಡ್ಡ ವಿದ್ಯೆ ಎಂದು ಜನ ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ರಸ್ತೆ ಇದ್ದ ಕಡೆ ಗಾಡಿ ತಾನಾಗಿ ಹೋಗುತ್ತದೆ. ನಮ್ಮ ಆಳಂದ ತಾಲೂಕಿನಲ್ಲಂತೂ ರಸ್ತೆ ಇಲ್ಲದ ಕಡೆಯೂ ಹೋಗುತ್ತದೆ. ನಿಜವಾದ ವಿದ್ಯೆ ಇರುವುದು ನಿಲ್ಲಿಸುವುದರಲ್ಲಿ. ಮನುಷ್ಯನ ಸ್ವಭಾವ ತಿಳಿಯಬೇಕಾದರೆ ಅವನು ಗಾಡಿಯನ್ನು ಎಲ್ಲಿ ನಿಲ್ಲಿಸುತ್ತಾನೆ, ಹೇಗೆ ಬಂದ್ ಮಾಡುತ್ತಾನೆ, ಬಂದ್ ಮಾಡಿದ ಮೇಲೆ ಎಷ್ಟು ಸಲ ತಿರುಗಿ ನೋಡುತ್ತಾನೆ ಎಂಬುದನ್ನು ಗಮನಿಸಬೇಕು. ನನಗೆ ಇವತ್ತಿಗೂ ಸೈಕಲ್ಲಿಗಿಂತ ಹೆಚ್ಚಿನ ವಾಹನ ಓಡಿಸಲು ಬರುವುದಿಲ್ಲ. ಆ ಸೈಕಲ್ಲಿಗೆ ಬೀಗ ಹಾಕಿ, ಹತ್ತು ಹೆಜ್ಜೆ ನಡೆದು, ಬೀಗ ಹಾಕಿದೆನೋ ಇಲ್ಲವೋ ಎಂದು ಮರಳಿ ಬಂದು ಜಗ್ಗಿ ನೋಡುವವನು ನಾನು. ಇಂಥವನು ಚಾಲಕರ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ. ಆದರೆ ನನ್ನ ಲಗ್ನ ಒಬ್ಬ ಚಾಲಕನ ಗಾಡಿ ನಿಲ್ಲಿಸುವ ಪದ್ಧತಿಗೆ ಸಿಕ್ಕು ಒದ್ದಾಡಿದ್ದರಿಂದ ನನಗೆ ಸ್ವಲ್ಪ ಹಕ್ಕಿದೆ ಎಂದು ತಿಳಿದಿದ್ದೇನೆ.

ಒಬ್ಬೊಬ್ಬರದು ಒಂದೊಂದು ರೀತಿ. ಆಳಂದದ ಬಸ್ ನಿಲ್ದಾಣದಲ್ಲಿ ಒಬ್ಬ ಡ್ರೈವರ್ ಇದ್ದ. ಬಸ್ಸು ನಿಂತ ಮೇಲೆ ಒಮ್ಮೆ ಜೋರಾಗಿ ಗುರ್ ಎನಿಸಿ, ಎಲ್ಲ ಪ್ರಯಾಣಿಕರ ಎದೆ ನಡುಗಿಸಿಯೇ ಬಂದ್ ಮಾಡುತ್ತಿದ್ದ. ಯಾಕೆ ಎಂದು ಕೇಳಿದರೆ, "ಮುಂದಿನ ಸಲಕ್ಕ ದಮ್ಮ ತುಂಬಿ ಇಡಬೇಕ್ರಿ" ಎನ್ನುತ್ತಿದ್ದ. ಭೂಸನೂರ ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರಿನವರು ಚಹಾ ಕುಡಿಯಲು ನಿಂತರೆ ಮೊದಲು ಗಾಲಿಗೆ ಕಲ್ಲು ಕೊಡುತ್ತಿದ್ದರು. ನಮ್ಮ ಎರೆಭೂಮಿ ಅಂಗೈಯಷ್ಟು ಸಪಾಟು. ಉರುಳುವುದಿರಲಿ, ನೂಕಿದರೂ ಸರಿಯದ ಜಾಗ. ಆದರೂ ಕಲ್ಲು ಬೇಕು. ಕಲ್ಲಿಡದೆ ಕುಡಿದ ಚಹಾ ಅವರಿಗೆ ರುಚಿಸುತ್ತಿರಲಿಲ್ಲ. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರ ಸ್ಕೂಟರಂತೂ ಸದಾ ಗೇಟಿನ ಕಡೆಗೇ ಮುಖ ಮಾಡಿ ನಿಂತಿರುತ್ತಿತ್ತು. ಬರುವಾಗಲೇ ಹೋಗುವ ವಿಚಾರ ಮಾಡಿದ ಏಕೈಕ ವಾಹನ ಅದು.

ಇವರೆಲ್ಲರನ್ನೂ ಮೀರಿಸಿದವನು ನನ್ನ ಸೋದರಮಾವನ ಡ್ರೈವರ್ ಮೆಹಬೂಬಸಾಬ. ಸೋದರಮಾವ ಶಿವಲಿಂಗಪ್ಪ ಆಳಂದದಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ; ಊರಿನವರು ಸಾವ್ಕಾರ್ರು ಎನ್ನುತ್ತಿದ್ದರು. ಸಾವ್ಕಾರರಿಗೆ ಕಾರು ಬೇಕು, ಕಾರಿಗೆ ಪೆಟ್ರೋಲು ಬೇಕು, ಪೆಟ್ರೋಲಿನ ಬೆಲೆ ಕೇಳಿದರೆ ಮಾಮಾನಿಗೆ ಬಿಕ್ಕಳಿಕೆ ಬರುತ್ತಿತ್ತು. ಆದ್ದರಿಂದ ಮೆಹಬೂಬಸಾಬ ಒಂದು ಉಪಾಯ ಹೂಡಿ ಆ ಹಳೆಯ ಕಾರಿಗೆ ಎರಡು ಎಣ್ಣೆ ಕುಡಿಯುವುದನ್ನು ಕಲಿಸಿದ್ದ. ಮುಂದೆ ಬಾನೆಟ್ಟಿನ ಕೆಳಗೆ ಒಂದು ಸಣ್ಣ ಡಬ್ಬಿಯಲ್ಲಿ ಪೆಟ್ರೋಲು, ಹಿಂದಿನ ದೊಡ್ಡ ಟಾಕಿಯಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಆ ಚಿಮಣಿ ಎಣ್ಣೆ ಎಲ್ಲಿಂದ ಬರುತ್ತಿತ್ತು ಎಂದು ದಯವಿಟ್ಟು ಕೇಳಬೇಡಿ. ನಾವು ಯಾರೂ ಕೇಳಲಿಲ್ಲ. ಪೆಟ್ರೋಲಿನ ಮೇಲೆ ಚಾಲೂ ಮಾಡಬೇಕು, ಇಂಜಿನ್ನು ಕಾದ ಮೇಲೆ ಒಂದು ಹಿತ್ತಾಳೆ ಹಿಡಿ ತಿರುಗಿಸಿ ಚಿಮಣಿ ಎಣ್ಣೆಗೆ ಹೊರಳಿಸಬೇಕು. ಆಮೇಲೆ ಕಾರು ಹಿಂದೆ ಕರಿ ಹೊಗೆ ಬಿಡುತ್ತ, ಊರ ತುಂಬ ಸ್ಟೋವಿನ ವಾಸನೆ ಹರಡುತ್ತ, ಖುಷಿಯಿಂದ ಓಡುತ್ತಿತ್ತು.

ತೊಂದರೆ ಇದ್ದದ್ದು ನಿಲ್ಲಿಸುವಾಗ. ಚಿಮಣಿ ಎಣ್ಣೆಯ ಮೇಲೆಯೇ ಬಂದ್ ಮಾಡಿದರೆ ಕಾರು ತಣ್ಣಗಾದ ಮೇಲೆ ಮತ್ತೆ ಚಾಲೂ ಆಗುತ್ತಿರಲಿಲ್ಲ. ಆದ್ದರಿಂದ ಊರು ಮುಟ್ಟುವ ಮುಂಚೆಯೇ ಹಿಡಿ ತಿರುಗಿಸಿ, ಕೊಳವೆಯಲ್ಲಿ ಉಳಿದ ಎಣ್ಣೆಯನ್ನೆಲ್ಲ ಸುಟ್ಟು, ಪೆಟ್ರೋಲು ಬಂತು ಎಂದು ಖಾತ್ರಿಯಾದ ಮೇಲೆ ಬಂದ್ ಮಾಡಬೇಕು. ನಿಂತಲ್ಲೇ ಇಂಜಿನ್ನು ಚಾಲೂ ಇಟ್ಟು ಸುಡಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ನಿಂತ ಗಾಡಿ ಕೆಮ್ಮಿ ಕೆಮ್ಮಿ ಸಾಯ್ತದ್ರಿ ಮಾಸ್ತರ. ಅದು ನಡ್ಯಾಕತ್ತಿರಬೇಕು" ಎಂದಿದ್ದ ಮೆಹಬೂಬಸಾಬ. ಅದು ಯಂತ್ರಶಾಸ್ತ್ರವೋ ಅವನ ನಂಬಿಕೆಯೋ ನನಗೆ ಗೊತ್ತಿಲ್ಲ. ನಾನು ಕನ್ನಡ ಕಲಿಸುವ ಮಾಸ್ತರ.

ಈ ಕಾರಿನಲ್ಲಿ ನಾವು ಮೊದಲು ಕನ್ಯೆ ನೋಡಲು ಹೋದದ್ದು ಜೇವರ್ಗಿಗೆ. ಮಾತಿನ ಭರದಲ್ಲಿ ಮೆಹಬೂಬಸಾಬ ಹಿಡಿ ತಿರುಗಿಸಲು ಹೇಳುವುದನ್ನು ಮರೆತ. ಶಿರಾ ತಿಂದೆವು, ಚಹಾ ಕುಡಿದೆವು, ಎಲ್ಲ ಸಾಂಗವಾಯಿತು. ಹೊರಡುವಾಗ ಕಾರು ಮಾತ್ರ ಅಲ್ಲೇ ಬೇರು ಬಿಟ್ಟಿತ್ತು. ಬೀಗರಾಗಬೇಕಾದವರು, ಅವರ ಅಣ್ಣತಮ್ಮಂದಿರು, ಇಸ್ತ್ರಿ ಮಾಡಿದ ಧೋತರ ಎತ್ತಿ ಕಟ್ಟಿ ನಮ್ಮನ್ನು ಊರ ಹೊರಗಿನವರೆಗೆ ನೂಕಿದರು. ಕಾರು ಒಮ್ಮೆ ಢಂ ಎಂದು ಚಾಲೂ ಆಗಿ ಅವರೆಲ್ಲರ ಮುಖಕ್ಕೆ ಮಸಿ ಬಳಿಯಿತು. ಎಂಟು ದಿನದಲ್ಲಿ ಮಧ್ಯಸ್ಥರ ಕೈಯಲ್ಲಿ ಮಾತು ಬಂತು: "ಹುಡುಗ ಛಲೋ ಇದ್ದಾನ್ರಿ. ಆದರ ಹಬ್ಬಕ್ಕೊಮ್ಮೆ ಅಳಿಯನ್ನ ನೂಕಿ ಕಳಸೂ ತಾಕತ್ತು ನಮಗಿಲ್ಲ." ನನಗೇನೂ ದುಃಖವಾಗಲಿಲ್ಲ. ನಿಜ ಹೇಳಬೇಕೆಂದರೆ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಯಾಕೆಂದರೆ ಅಷ್ಟರಲ್ಲಿ ನನ್ನ ತಲೆಯಲ್ಲಿ ಸುವರ್ಣಾ ಇದ್ದಳು. ಅಫಜಲಪುರದ ಪ್ರಾಥಮಿಕ ಶಾಲೆಯ ಟೀಚರು. ನಮ್ಮ ಹೈಸ್ಕೂಲಿನಲ್ಲಿ ಹತ್ತು ದಿನ ಶಿಕ್ಷಕರ ತರಬೇತಿ ನಡೆದಾಗ ಬಂದಿದ್ದಳು. ಚಾಕ್‌ಪೀಸು ಹಂಚುವ ಮತ್ತು ಹಾಜರಿ ತೆಗೆದುಕೊಳ್ಳುವ ಘನ ಜವಾಬ್ದಾರಿ ನನ್ನದಾಗಿತ್ತು. ಅವಳ ಹೆಸರು ಕೂಗುವಾಗ ನನ್ನ ದನಿ ಯಾಕೋ ಒಡೆಯುತ್ತಿತ್ತು. ಮೂರನೆಯ ದಿನ ಅವಳು, "ಸರ್, ನೀವು ನನಗ ಚಾಕ್‌ಪೀಸ್ ಎರಡು ಕೊಡ್ತೀರಿ, ಉಳಿದವರಿಗೆಲ್ಲ ಒಂದು" ಎಂದು ಎಲ್ಲರೆದುರು ಹೇಳಿ ನಕ್ಕಳು. ನಾನು ಅವತ್ತೇ ಮುಗಿದುಹೋದೆ. ನಮ್ಮವ್ವನಿಗೆ ಸುತ್ತಿ ಬಳಸಿ ಹೇಳಿದೆ, ಅವ್ವ ಮಾಮಾನಿಗೆ ನೇರವಾಗಿ ಹೇಳಿದಳು, ಮಾಮಾ ಊರಿಗೆಲ್ಲ ಹೇಳಿದ. ಎರಡೂ ಮನೆಯವರು ಬಸವಣ್ಣನ ಒಕ್ಕಲು, ಹಿರಿಯರ ಪರಿಚಯವೂ ಇತ್ತು. ಹುಡುಗಿಯ ತಂದೆ ಬಸವಂತರಾಯರು ಮಾತ್ರ ಭಾರಿ ಮರ್ಯಾದೆಯ ಮನುಷ್ಯ, ಬಲು ಬೇಗ ಸಿಟ್ಟಿಗೇಳುವವರು ಎಂದು ಕೇಳಿದ್ದೆವು. ಹಿಂದೆ ಒಬ್ಬ ವರನ ಕಡೆಯವರು ತಡವಾಗಿ ಬಂದರೆಂದು ಮಾಡಿದ ಉಪ್ಪಿಟ್ಟನ್ನೆಲ್ಲ ಎಮ್ಮೆಗೆ ಹಾಕಿಸಿದವರಂತೆ.

ಹೊರಡುವ ದಿನ ಮಾಮಾ ಕಾರಿನ ಮುಂದೆ ನಿಂತು ಕೊನೆಯ ಎಚ್ಚರಿಕೆ ಕೊಟ್ಟ. "ಮೆಹಬೂಬ, ಅಫಜಲಪುರದಾಗ ನೂಕೂ ಪ್ರಸಂಗ ಬಂತಂದ್ರ ನೀ ನಿನ್ನ ದಾರಿ ನೋಡ್ಕೊ, ನಾ ನನ್ನ ದಾರಿ ನೋಡ್ಕೋತೇನಿ."

"ನಂದೇನದ್ರಿ ಸಾವ್ಕಾರ್ರ, ಹಿಡಿ ಮಾಸ್ತರ ಕಾಲಾಗ ಅದ" ಎಂದ ಮೆಹಬೂಬಸಾಬ. ನಿಜವೇ. ಆ ಹಿಡಿಯನ್ನು ಅವನು ಕೂರಿಸಿದ್ದು ಮುಂದಿನ ಸೀಟಿನಲ್ಲಿ ಎಡಕ್ಕೆ ಕೂತವರ ಮೊಣಕಾಲಿನ ಹತ್ತಿರ. ಅವತ್ತು ಅಲ್ಲಿ ಕೂತವನು ವರನಾದ ನಾನು. "ಊರ ಹೊರಗ ಹತ್ತಿ ಜಿನ್ನಿಂಗ್ ಮಿಲ್ಲಿನ ಗ್ವಾಡಿ ಕಾಣ್ತದ್ರಿ. ಕಂಡ ಕೂಡ್ಲೆ ತಿರುವಿ ಬಿಡ್ರಿ. ಏಕದಂ ಈಜಿ" ಎಂದು ಅವನು ನನಗೆ ಮೂರು ಸಲ ಹೇಳಿದ. ನಾನು ಮೂರು ಸಲ ತಲೆಯಾಡಿಸಿದೆ. ನನ್ನ ಇಡೀ ಬದುಕು ಒಂದು ಹಿತ್ತಾಳೆ ಹಿಡಿಯ ಮೇಲೆ ನಿಂತಿದೆ ಎಂದು ನನಗೆ ಅರ್ಥವಾಗಿತ್ತು.

ದಾರಿಯುದ್ದಕ್ಕೂ ನಾನು ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ. ಹಿಂದಿನ ಸೀಟಿನಲ್ಲಿ ಮಾಮಾ ತೊಗರಿಯ ಧಾರಣೆಯ ಬಗ್ಗೆ ಮಾತನಾಡುತ್ತಿದ್ದ, ಅವ್ವ ಚಿಮಣಿ ಎಣ್ಣೆಯ ವಾಸನೆಗೆ ಸೆರಗು ಮೂಗಿಗೆ ಹಿಡಿದು ಕೂತಿದ್ದಳು. ಗಾಣಗಾಪುರದ ಕಡೆ ಹೋಗುವ ಯಾತ್ರಿಕರ ಗಾಡಿಗಳು ನಮ್ಮ ಹೊಗೆ ಕಂಡು ತಾವಾಗಿ ಬದಿಗೆ ಸರಿದವು. ಎಲ್ಲ ಸರಿಯಾಗಿಯೇ ಇತ್ತು. ಅಫಜಲಪುರ ಇನ್ನೊಂದು ಮೈಲಿ ಇದೆ ಎನ್ನುವಾಗ ನನಗೆ ಒಂದು ಯೋಚನೆ ಬಂತು. ಕಿಟಕಿಯ ಗಾಳಿಗೆ ಬೈತಲೆ ಕೆಟ್ಟಿರಬಹುದೇ? ಮೆಹಬೂಬಸಾಬನ ಕನ್ನಡಿಯನ್ನು ನನ್ನ ಕಡೆ ಹೊರಳಿಸಿಕೊಂಡೆ. ಕೆಟ್ಟಿತ್ತು. ಬಾಚಣಿಗೆ ತೆಗೆದೆ. ಎಡಕ್ಕೆ ಬಾಚಿದೆ, ಹಳ್ಳಿಯವನಂತೆ ಕಂಡಿತು. ಬಲಕ್ಕೆ ಬಾಚಿದೆ, ಮತ್ತೊಬ್ಬರ ತಲೆಯಂತೆ ಕಂಡಿತು. ಮತ್ತೆ ಎಡಕ್ಕೆ ತರುವಷ್ಟರಲ್ಲಿ ಹತ್ತಿ ಜಿನ್ನು ಹೋಯಿತು, ಬಸ್ ನಿಲ್ದಾಣ ಹೋಯಿತು, ಬಜಾರು ಹೋಯಿತು. ಕಣ್ಣೆತ್ತಿದರೆ ಮುಂದೆ ಬಸವಂತರಾಯರ ಮನೆ.

ಮನೆಯ ಮುಂದೆ ಇಡೀ ಬಳಗ ನಿಂತಿತ್ತು. ರುಮಾಲು ಸುತ್ತಿದ ಬಸವಂತರಾಯರು, ಅವರ ತಮ್ಮಂದಿರು, ಕಾಲಿಗೆ ನೀರು ಕೊಡಲು ತಾಮ್ರದ ತಂಬಿಗೆ ಹಿಡಿದ ಹೆಣ್ಣುಮಕ್ಕಳು, ಕಟ್ಟೆಯ ಮೇಲೆ ಕೂತ ಒಬ್ಬ ಆಯಿ. ಆ ಆಯಿ ಬಸವಂತರಾಯರ ತಾಯಿ. ನಾನು ಹೌಹಾರಿ ಹಿಡಿ ತಿರುಗಿಸಿದೆ. ಟಕ್ ಎಂದಿತು.

"ಈಗ ತಿರುವಿದ್ರೇನು?" ಎಂದ ಮೆಹಬೂಬಸಾಬ.

"ಹೌದು. ಈಗ ನಿಲ್ಲಸು" ಎಂದೆ.

"ಅರೆ ಅಲ್ಲಾ! ಹ್ಯಾಂಗ ನಿಲ್ಲಸ್ಲಿ? ಇನ್ನ ಐದ ಮಿನಿಟ ನಡೀಬೇಕು" ಎಂದು ಅವನು ಕಾರನ್ನು ಬೀಗರ ಮುಂದೆಯೇ ಹಾಯಿಸಿಕೊಂಡು ಮುಂದೆ ಹೊಡೆದ. ಬಸವಂತರಾಯರು ಕೈ ಮುಗಿದಿದ್ದರು. ನಾವೂ ಕಿಟಕಿಯಿಂದ ಕೈ ಮುಗಿದೆವು. ಅವರ ಕೈ ಹಾಗೇ ಗಾಳಿಯಲ್ಲಿ ಉಳಿಯಿತು, ನಾವು ಮೂಲೆ ತಿರುಗಿದೆವು. ಆ ಮನೆಗೆ ನಾಲ್ಕೂ ಕಡೆ ಓಣಿ ಇದ್ದದ್ದು ನನ್ನ ದೈವವೋ ದುರ್ದೈವವೋ, ಕಾರು ಮನೆಯನ್ನು ಸುತ್ತತೊಡಗಿತು.

ಹಿಂದಿನ ಓಣಿಯಲ್ಲಿ ಹಿತ್ತಲಿನ ಗೋಡೆ ಮೊಣಕಾಲೆತ್ತರ. ಅಲ್ಲಿ ಎಮ್ಮೆಯ ಪಕ್ಕದಲ್ಲಿ ಕನ್ನಡಿ ಹಿಡಿದು ಸುವರ್ಣಾ ಮುಖಕ್ಕೆ ಪೌಡರ್ ಹಚ್ಚುತ್ತಿದ್ದಳು. ಒಂದು ಗಲ್ಲಕ್ಕೆ ಹಚ್ಚಿ ಆಗಿತ್ತು. ಮುಂಬಾಗಿಲಲ್ಲಿ ಇಳಿಯಬೇಕಾದ ವರ ಹಿತ್ತಲಲ್ಲಿ ಹಾದುಹೋದದ್ದನ್ನು ಕಂಡು ಅವಳ ಕೈ ಅಲ್ಲೇ ನಿಂತಿತು. ನಾನು ಅವಳಿಗೂ ಕೈ ಮುಗಿದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಎಮ್ಮೆಯೊಂದೇ ಕಣ್ಣು ಮಿಟುಕಿಸದೆ ನಮ್ಮನ್ನು ನೋಡಿತು.

ಎರಡನೆಯ ಸಲ ಮನೆಯ ಮುಂದೆ ಬಂದಾಗ ಮಾಮಾ ಅರ್ಧ ಮೈ ಕಿಟಕಿಯಿಂದ ಹೊರಗೆ ಹಾಕಿ ಕೂಗಿದ: "ತಪ್ಪ ತಿಳೀಬ್ಯಾಡ್ರಿ ಬಸವಂತರಾಯರ! ಈಗ ನಿಲ್ಲಸಾಕ ಬರೂದಿಲ್ಲ!" ಅಷ್ಟರಲ್ಲಿ ಮೂಲೆ ಬಂತು. ಹಿತ್ತಲಿನಲ್ಲಿ ಸುವರ್ಣಾ ಇನ್ನೂ ಒಂದೇ ಗಲ್ಲದಲ್ಲಿದ್ದಳು.

ಮೂರನೆಯ ಸುತ್ತಿಗೆ ಬಸವಂತರಾಯರ ಉತ್ತರ ಸಿದ್ಧವಾಗಿತ್ತು. "ನಿಲ್ಲಸಾಕ ಬರದವನ ಕೈಯಾಗ ಗಾಡಿ ಯಾಕ ಕೊಟ್ಟೀರಿ?" ಎಂದು ಅವರು ಗುಡುಗಿದರು. ಇದು ಮೆಹಬೂಬಸಾಬನ ಎದೆಗೆ ನಾಟಿತು. "ಇಪ್ಪತ್ತ ವರ್ಷ ಆತ್ರಿ ಸಾಹೇಬ್ರ, ಒಂದ ಕೋಳಿಮರಿಗೂ ಧಕ್ಕಿ ಹಚ್ಚಿಲ್ಲ!" ಎಂದು ಅವನು ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿ ಹೇಳಿದ. ಕಾರು ಹೋಗಿ ಸಾಲಾಗಿ ಬಡಿದಿದ್ದ ಸಗಣಿ ಕುಳ್ಳುಗಳ ಮೇಲೆ ಹಾದು ಬಂತು. ಅವ್ವ ಹಿಂದಿನಿಂದ, "ನನಗ ತಲಿ ತಿರಗಾಕತ್ತದೋ, ಲಗ್ನ ಆದ್ರ ಆಗ್ಲಿ ಬಿಟ್ರ ಬಿಡ್ಲಿ, ಮೊದಲ ಇಳಸ್ರೋ" ಎಂದು ಅಳುವ ದನಿಯಲ್ಲಿ ಹೇಳಿದಳು. ನನ್ನ ಲಗ್ನವನ್ನು ನನ್ನ ಹೆತ್ತ ತಾಯಿಯೇ ಹೀಗೆ ಕೈಬಿಟ್ಟಳು. ಈ ಸಲ ಹಿತ್ತಲಿನಲ್ಲಿ ಸುವರ್ಣಾ ಇರಲಿಲ್ಲ. ಎಮ್ಮೆ ಮಾತ್ರ ಇತ್ತು.

ಕತೆ ಮುಗಿಯಿತು ಎಂದುಕೊಂಡೆ. "ಸಾಕು, ನಿಲ್ಲಸು ಮಾರಾಯಾ. ನೂಕೂದ ಬಂದ್ರ ನಾನೇ ಆಳಂದದ ತನಕ ನೂಕ್ತೇನಿ" ಎಂದು ಮೆಹಬೂಬಸಾಬನಿಗೆ ಕೈ ಮುಗಿದೆ. ಅವನು ಮೂಗು ಎತ್ತಿ ವಾಸನೆ ಹಿಡಿದ. "ಥೋಡಾ ಸಬರ್ ಮಾಡ್ರಿ. ಇನ್ನಾ ಚಿಮಣಿ ಎಣ್ಣಿದೇ ವಾಸ್ನಿ ಅದ" ಎಂದ. ನಾಲ್ಕನೆಯ ಸಲ ಮುಂದೆ ಬಂದಾಗ ಬಸವಂತರಾಯರು ನಮಗೆ ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದರು. "ಬಾಗಲಾ ಹಾಕ್ರಿ! ಉಪ್ಪಿಟ್ಟ ಎಮ್ಮಿಗೆ ಹಾಕ್ರಿ!" ಎಂದದ್ದು ಸ್ಪಷ್ಟವಾಗಿ ಕೇಳಿತು. ತಂಬಿಗೆ ಹಿಡಿದವರೂ ಒಳಗೆ ಹೋದರು. ಓಣಿಯ ಜನ ಮಾತ್ರ ತಮ್ಮ ತಮ್ಮ ಕಟ್ಟೆಗಳ ಮೇಲೆ ಚಂದಾಗಿ ಜಾಗ ಮಾಡಿಕೊಂಡು ಕೂತಿದ್ದರು. ನಾನು ಮೇಲೆ ನೋಡಿದೆ. ಮಾಳಿಗೆಯ ಅಂಚಿನಲ್ಲಿ ಸುವರ್ಣಾ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ಹೆಗಲು ಕುಲುಕುತ್ತಿದ್ದವು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯುವ ಮುಂಚೆ ಮೂಲೆ ಬಂತು. ಆ ಮೂಲೆಯನ್ನು ನಾನು ಈ ಜನ್ಮದಲ್ಲಿ ಕ್ಷಮಿಸಲಾರೆ.

ಐದನೆಯ ಸುತ್ತು ಮುಗಿದು ಮುಂಬಾಗಿಲಿಗೆ ಬಂದಾಗ ಮೆಹಬೂಬಸಾಬ, "ಬಂತು! ಪೆಟ್ರೋಲ್ ಬಂತು!" ಎಂದು ಗಂಡು ಮಗು ಹುಟ್ಟಿದ ಸುದ್ದಿ ಹೇಳುವವನ ಹಾಗೆ ಕೂಗಿ, ಗಾಡಿ ನಿಲ್ಲಿಸಿ, ಕೀಲಿ ತಿರುಗಿಸಿದ. ಇಂಜಿನ್ನು ಬಂದ್ ಆಯಿತು. ಏಕಾಏಕಿ ಅಷ್ಟು ಶಾಂತವಾದ ಅಫಜಲಪುರವನ್ನು ನಾನು ಯಾವತ್ತೂ ಕಂಡಿರಲಿಲ್ಲ. ಬಾಗಿಲು ಹಾಕಿತ್ತು. ಕಟ್ಟೆಯ ಮೇಲೆ ಆಯಿ ಒಬ್ಬಳೇ ಉಳಿದಿದ್ದಳು. ನಾವು ನಾಲ್ವರೂ ಇಳಿದು ಕಳ್ಳರ ಹಾಗೆ ಸಾಲಾಗಿ ನಿಂತೆವು. ಅವ್ವ ಮಾತ್ರ ನೆಟ್ಟಗೆ ನಿಲ್ಲಲಾಗದೆ ಆ ಕಡೆ ಈ ಕಡೆ ಓಲಾಡುತ್ತಿದ್ದಳು.

ಆಯಿ ಕೋಲು ಊರಿ ಮೆಲ್ಲಗೆ ಎದ್ದಳು. ನಮ್ಮ ಕಡೆ ಬಂದಳು. ಬೈಯುತ್ತಾಳೆ ಎಂದು ನಾನು ತಲೆ ತಗ್ಗಿಸಿದೆ. ಅವಳು ನನ್ನ ಗಲ್ಲ ಸವರಿ ತನ್ನ ಕಿವಿಯ ಮೇಲೆ ಬೆರಳು ಲಟಲಟ ಮುರಿದಳು. ಕಣ್ಣಲ್ಲಿ ನೀರು.

"ಬಸವಂತಾ, ಬಾಗಲಾ ತೆಗಿಯೋ" ಎಂದು ಕೂಗಿದಳು. "ಬಸವಣ್ಣನ ಗುಡಿಗಿ ಐದ ಸುತ್ತ ಬರ್ತಾರ. ಇವರು ನಿನ್ನ ಮನಿಗಿ ಐದ ಸುತ್ತ ಬಂದಾರ! ನಾ ಎಣಿಸೇನಿ. ಐದಕ್ಕ ಒಂದ ಹೆಚ್ಚಿಲ್ಲ, ಒಂದ ಕಮ್ಮಿ ಇಲ್ಲ. ಹುಡುಗಿ ಮನಿಗಿ ಇಷ್ಟ ಮರ್ಯಾದಿ ಕೊಟ್ಟವ್ರನ್ನ ನಾ ಹುಟ್ಟಿದಾಗಿಂದ ಕಂಡಿಲ್ಲ. ಆ ತಾಯಿನ್ನ ನೋಡೋ, ಭಕ್ತೀಲೆ ಹ್ಯಾಂಗ ತೂಗಾಡಾಕತ್ತಾಳ!"

ಬಾಗಿಲು ತೆರೆಯಿತು. ಬಸವಂತರಾಯರ ಮುಖದಲ್ಲಿ ಸಿಟ್ಟು ಮತ್ತು ಸಂಶಯ ಒಟ್ಟಿಗೆ ಇದ್ದವು. "ಹೌದೇನ್ರಿ?" ಎಂದು ಮಾಮಾನನ್ನು ಕೇಳಿದರು.

ವ್ಯಾಪಾರದಲ್ಲಿ ಪಳಗಿದ ನಾಲಿಗೆ ಅದು. "ನಮ್ಮ ಮನಿತನದ ಪದ್ಧತಿನೇ ಅದ್ರಿ. ಹೆಣ್ಣಿನ ಮನಿ ಅಂದ್ರ ನಮಗ ಗುಡಿ ಇದ್ದಂಗ. ಸುತ್ತ ಬರಲಾರದ ಒಳಗ ಕಾಲಿಡೂದಿಲ್ಲ" ಎಂದುಬಿಟ್ಟ ಮಾಮಾ. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಪ್ರಾಮಾಣಿಕತೆಯ ಬಗ್ಗೆ ಒಂಬತ್ತನೆಯ ಇಯತ್ತೆಗೆ ಪಾಠ ಮಾಡುವವನು ನಾನು. ಮಾಳಿಗೆಯ ಮೇಲಿದ್ದ ಸೆರಗು ನೆನಪಾಯಿತು. "ಹೌದ್ರಿ" ಎಂದೆ.

ಎಮ್ಮೆಯ ಮುಂದಿಟ್ಟಿದ್ದ ಉಪ್ಪಿಟ್ಟಿನ ಬುಟ್ಟಿ ಮರಳಿ ಬಂತೋ ಅಥವಾ ಹೊಸದಾಗಿ ಮಾಡಿದರೋ, ನಾನು ವಿಚಾರಿಸಲು ಹೋಗಲಿಲ್ಲ. ಎರಡು ಸಲ ಹಾಕಿಸಿಕೊಂಡು ತಿಂದೆ. ಸುವರ್ಣಾ ಚಹಾ ತಂದಳು. ಪೌಡರ್ ಇನ್ನೂ ಒಂದೇ ಗಲ್ಲಕ್ಕಿತ್ತು. ಇನ್ನೊಂದಕ್ಕೆ ಹಚ್ಚಲು ನಾವು ಬಿಡುವು ಕೊಟ್ಟಿರಲಿಲ್ಲ. ಕಪ್ಪು ಕೊಡುವಾಗ ಮೆಲ್ಲಗೆ ನನಗಷ್ಟೇ ಕೇಳುವ ಹಾಗೆ, "ನಿಮ್ಮ ಭಕ್ತಿ ಚಿಮಣಿ ಎಣ್ಣಿ ವಾಸ್ನಿ ಹೊಡೀತದ್ರಿ ಸರ್" ಎಂದಳು. ಚಹಾ ನೆತ್ತಿಗೇರಿತು. ಅವಳಿಗೆ ಎಲ್ಲ ತಿಳಿದಿತ್ತು. ಒಂದು ಮಾತು ಅಪ್ಪನಿಗೆ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೊರಡುವಾಗ ಕಾರು ಒಂದೇ ಏಟಿಗೆ ಚಾಲೂ ಆಯಿತು. ಮೆಹಬೂಬಸಾಬ ಬಸವಂತರಾಯರಿಗೆ ಸಲಾಮು ಹೊಡೆದ ರೀತಿ ನೋಡಿದರೆ ಲಗ್ನ ಅವನದೇ ಎನ್ನಬೇಕು.

ಲಗ್ನವಾಯಿತು. ಮೊದಲ ಹಬ್ಬಕ್ಕೆ ಅತ್ತೆಮನೆಗೆ ಹೋದೆವು. ಮಾಮಾ ಅಷ್ಟರಲ್ಲಿ ಕಾರು ಮಾರಿದ್ದ. ನಾವು ಹೋದದ್ದು ಬಸ್ಸಿನಲ್ಲಿ. ಸುಡುವ ಬಿಸಿಲಲ್ಲಿ ಕೈಚೀಲ ಹೊತ್ತು ಮನೆ ಮುಟ್ಟಿ ಹೊಸ್ತಿಲಿಗೆ ಕಾಲಿಡಬೇಕು, ಆಯಿ ಕೋಲು ಅಡ್ಡ ಹಿಡಿದಳು. "ಅಳಿಯಪ್ಪಾ, ಸುತ್ತ?" ನಾನು ಸುವರ್ಣಾಳ ಮುಖ ನೋಡಿದೆ. ಅವಳು ಕೈಚೀಲ ಇಸಿದುಕೊಂಡು, "ನಿಮ್ಮ ಮನಿತನದ ಪದ್ಧತಿ ಅಲ್ಲೇನ್ರಿ" ಎಂದು ಒಳಗೆ ಹೋದಳು. ಐದು ಸುತ್ತು ನಡೆದು ಬಂದೆ. ಅಂದಿನಿಂದ ಹಬ್ಬ, ತೊಟ್ಟಿಲು, ಕಾರ್ಯ ಏನೇ ಇರಲಿ, ಐದು ಸುತ್ತು ತಪ್ಪಿಲ್ಲ. ನನ್ನ ಹಿಂದಿನಿಂದ ಬಂದ ಇಬ್ಬರು ಷಡ್ಡಕರಿಗೂ ಆಯಿ ಅದನ್ನೇ ಕಾಯಂ ಮಾಡಿದಳು. ಅವರಿಬ್ಬರೂ ನನ್ನ ಜೊತೆ ಸರಿಯಾಗಿ ಮಾತನಾಡುವುದಿಲ್ಲ.

ನಿಜ ಹೇಳಿಬಿಡೋಣವೇ ಎಂದು ಹೆಂಡತಿಯನ್ನು ಎಷ್ಟೋ ಸಲ ಕೇಳಿದೆ. "ಹೇಳ್ರಿ, ಬ್ಯಾಡ ಅಂದವ್ರ್ಯಾರು? ಹೌದ್ರಿ ಅಂದವರು ನೀವು. ಅಲ್ಲ್ರಿ ಅನ್ನೂದೂ ನಿಮ್ಮ ಬಾಯಿಲೇ ಆಗ್ಲಿ" ಎನ್ನುತ್ತಾಳೆ. ಎಂಬತ್ತು ದಾಟಿದ ಮುದುಕಿಯ ಮುಂದೆ ನಿಂತು ಅದನ್ನು ಹೇಳುವ ಧೈರ್ಯ ನನಗೆ ಬಂದಿಲ್ಲ. ಕಳೆದ ದೀಪಾವಳಿಗೆ ಮಾಮಾನೂ ನಮ್ಮ ಜೊತೆ ಬಂದಿದ್ದ. ಪದ್ಧತಿ ಹುಟ್ಟಿಸಿದವನು ಮೊಣಕಾಲು ನೋವೆಂದು ಕಟ್ಟೆಯ ಮೇಲೆ ಆಯಿಯ ಪಕ್ಕ ಕೂತು ಚಹಾ ಕುಡಿಯುತ್ತಿದ್ದ, ನಾನು ಸುತ್ತುತ್ತಿದ್ದೆ. ಆಯಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಲೆಕ್ಕವೂ ತಪ್ಪುತ್ತದೆ. ಇದೇ ಸಮಯ ಎಂದು ಮೂರಕ್ಕೇ ಮುಗಿಸಿ, ಐದು ಮುಗಿಸಿದವನ ಹಾಗೆ ಗಂಭೀರವಾಗಿ ಬೆವರು ಒರೆಸಿಕೊಳ್ಳುತ್ತ ಹೊಸ್ತಿಲ ಮೇಲೆ ಕಾಲಿಟ್ಟೆ. ಮಾಳಿಗೆಯ ಮೇಲಿನಿಂದ ನನ್ನ ಹೆಂಡತಿಯ ದನಿ ಬಂತು:

"ಆಯಿ, ಇನ್ನಾ ಎರಡ ಉಳದಾವ!"

ಮೇಲೆ ನೋಡಿದೆ. ಸೆರಗು ಬಾಯಿಯ ಮೇಲಿತ್ತು, ಹೆಗಲು ಕುಲುಕುತ್ತಿದ್ದವು. ಕಾಲು ಹಿಂದಕ್ಕೆ ತೆಗೆದು ಓಣಿಗೆ ಇಳಿದೆ.